ಹಾಲು ಕರೆಯುವವಳ ಮುಖಕ್ಕೆ ಕಣ್ಣು ಕೆತ್ತಿಸಿದವರಿಗೆ

ಹಳೇಬೀಡಿನ ಪ್ರದರ್ಶನ ಸಮಿತಿಯ ಅಧ್ಯಕ್ಷರೂ ಕಾರ್ಯದರ್ಶಿಗಳೂ ಸೇರಿ ಒಬ್ಬ ಕಲಾವಿದೆಯ ಶಿಲ್ಪವನ್ನು ಕೆಡಿಸಿದ್ದಾರೆ. ಸಾಗಿಸುವಾಗ ಕೈಜಾರಿ ಬಿದ್ದು ಮುಕ್ಕಾಗಿದ್ದರೆ ಅದನ್ನು ಅವಘಡ ಎನ್ನಬಹುದಿತ್ತು. ಇಲ್ಲಿ ಆಳು ಕರೆಸಿ, ಉಳಿ ಹಿಡಿಸಿ, ಪಕ್ಕದಲ್ಲಿ ನಿಂತು ಕೆಡಿಸಿದ್ದಾರೆ. ಕೆಡಿಸಿದ ಮೇಲೆ ಕೆತ್ತಿದವಳಿಗೆ ಅದನ್ನು ಹಿಂದಿರುಗಿಸದೆ ಗೋದಾಮಿಗೆ ಬೀಗ ಹಾಕಿಕೊಂಡಿದ್ದಾರೆ. ಆ ಪ್ರದರ್ಶನದ ಕ್ಯುರೇಟರ್ ನಾನು. ಕೃತಿಗಳನ್ನು ಆರಿಸುವುದು, ಕಲಾವಿದರಿಂದ ಪಡೆದು ತರುವುದು, ಎಲ್ಲಿ ಹೇಗೆ ಇಡಬೇಕೆಂದು ತೀರ್ಮಾನಿಸುವುದು, ಎಲ್ಲ ಮುಗಿದ ಮೇಲೆ ಇದ್ದ ಹಾಗೆಯೇ ಹಿಂದಿರುಗಿಸುವುದು ನನ್ನ ಕೆಲಸ. ಆ ಕೊನೆಯ ಕೆಲಸವನ್ನು ಮಾಡಲು ನನಗೆ ಬಿಟ್ಟಿಲ್ಲ. ಹಾಗಾಗಿ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಸಮಿತಿ ನನ್ನನ್ನು ಕರೆದಾಗ ಅವರಿಗೆ ಬೇಕಾಗಿದ್ದದ್ದು ಬೇರೆ. ಮೊದಲ ಸಭೆ ಕೆರೆಯ ಕಡೆಗೆ ಬಾಗಿಲಿರುವ ಹಳೆಯ ಗೊಬ್ಬರದ ಗೋದಾಮಿನಲ್ಲೇ ನಡೆಯಿತು. ಪ್ರದರ್ಶನಕ್ಕೆ ಗೊತ್ತುಮಾಡಿದ್ದ ಜಾಗವೂ ಅದೇ. ಯೂರಿಯಾದ ವಾಸನೆ ಇನ್ನೂ ಗೋಡೆಯಲ್ಲಿತ್ತು.

"ನೋಡಮ್ಮ, ಬರೋ ಟೂರಿಸ್ಟು ದೇವಸ್ಥಾನ ನೋಡ್ಕೊಂಡು ಹಂಗೇ ಬಸ್ ಹತ್ತಿ ಹೋಗ್ತಾನೆ," ಎಂದರು ಅಧ್ಯಕ್ಷರು. "ಅವ್ನು ಒಂದು ಗಳಿಗೆ ನಿಲ್ಲೋ ಹಂಗೆ ಇಲ್ಲೊಂದಷ್ಟು ಶಿಲಾಬಾಲಿಕೆ ನಿಲ್ಲಿಸಿಬಿಡು. ಬೇಲೂರಲ್ಲಿ ಇರೋ ಥರದ್ದೇ."

"ಬೇಲೂರಲ್ಲಿ ಇರೋದನ್ನ ನೋಡೋಕೆ ಅವರು ಬೇಲೂರಿಗೇ ಹೋಗ್ತಾರಲ್ಲ ಸರ್. ಇಲ್ಲಿ ಈಗಿನವರು ಮಾಡಿದ್ದನ್ನ ಇಡೋಣ."

ಕಾರ್ಯದರ್ಶಿಗಳು ನಕ್ಕರು. "ಈಗಿನವ್ರು ಏನ್ ಮಾಡ್ತಾರೆ ಮೇಡಂ, ರೀಲ್ಸ್ ಮಾಡ್ತಾರೆ."

ಎರಡು ಸಭೆಗಳ ವಾದದ ಬಳಿಕ ಒಪ್ಪಿದರು. ಈ ಸೀಮೆಯಲ್ಲಿ ಇಂದು ಕೆಲಸ ಮಾಡುವ ಮೈಗಳ ಭಂಗಿಯೇ ಪ್ರದರ್ಶನದ ವಿಷಯವೆಂದು ತೀರ್ಮಾನವಾಯಿತು. ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಮೂಟೆಗೆ ಬೆನ್ನು ಕೊಡುವವರ ಛಾಯಾಚಿತ್ರಗಳು, ಜಾವಗಲ್ ಸಂತೆಯಲ್ಲಿ ತಕ್ಕಡಿ ಹಿಡಿದ ಕೈಗಳ ರೇಖಾಚಿತ್ರಗಳು ಮೊದಲು ಕೂಡಿಬಂದವು. ನಾನು ಹುಟ್ಟಿ ಬೆಳೆದದ್ದು ಅಂಥದೇ ಒಂದು ಮಂಡಿಯ ಹಿಂದಿನ ಮನೆಯಲ್ಲಿ. ಹಾಗಾಗಿ ಅವುಗಳನ್ನು ಹುಡುಕಿಕೊಂಡು ದೂರ ಹೋಗಬೇಕಾಗಲಿಲ್ಲ. ಆದರೆ ಗೋದಾಮಿನ ನಟ್ಟನಡುವೆ ನಿಲ್ಲಬಲ್ಲ ಒಂದು ಕೃತಿ ಬೇಕಿತ್ತು. ಅದು ಸಿಕ್ಕಿದ್ದು ಮಾದಿಹಳ್ಳಿಯಲ್ಲಿ, ಒಂದು ಕೊಟ್ಟಿಗೆಯ ಪಕ್ಕದ ಶೀಟಿನ ಮಾಡಿನ ಕೆಳಗೆ.

ಕಲಾವಿದೆ ನನಗಿಂತ ಸ್ವಲ್ಪ ದೊಡ್ಡವಳು. ತರಬೇತಿ ಪಡೆದು, ವಿಗ್ರಹ ಮಾಡುವ ಕಾರ್ಖಾನೆಯೊಂದರಲ್ಲಿ ದಿನಗೂಲಿಗೆ ಕೆತ್ತುತ್ತಾಳೆ. ಉಳಿದ ಹೊತ್ತಿನಲ್ಲಿ ತನ್ನದನ್ನು ಕೆತ್ತುತ್ತಾಳೆ. ಬಳಪದ ಕಲ್ಲಿನ ಆ ಶಿಲ್ಪದಲ್ಲಿ ಒಬ್ಬ ಹೆಂಗಸು ಕುಕ್ಕರಗಾಲಲ್ಲಿ ಕೂತು, ಮಂಡಿಗಳ ನಡುವೆ ಪಾತ್ರೆ ಸಿಕ್ಕಿಸಿಕೊಂಡು ಹಾಲು ಕರೆಯುತ್ತಿದ್ದಾಳೆ. ಹಸು ಇಲ್ಲ. ಬೆರಳುಗಳು ಇಲ್ಲದ ಕೆಚ್ಚಲನ್ನು ಹಿಡಿದಿವೆ, ಎಡಗೆನ್ನೆ ಇಲ್ಲದ ಪಕ್ಕೆಗೆ ಒರಗಿದೆ. ಆ ಕೆನ್ನೆಯನ್ನು ಆಕೆ ತುಸು ಚಪ್ಪಟೆ ಮಾಡಿದ್ದಳು. ಅಷ್ಟರಿಂದಲೇ ಹಸುವಿನ ಭಾರ, ಬಿಸಿ, ಉಸಿರಾಟ ಎಲ್ಲವೂ ಅಲ್ಲಿತ್ತು. ನಾನು ಅದರ ಸುತ್ತ ಎರಡು ಸುತ್ತು ಬಂದೆ.

ಮೊದಲು ಮಾತಾಡಿದ್ದು ಆಕೆಯ ತಾಯಿ, ಕೈಯಲ್ಲಿ ಹಿಂಡಿಯ ಬಕೆಟ್ಟು ಹಿಡಿದು. "ಹಸೂನ ಎಲ್ ಬಿಟ್ಟೆ ಅಂತ ಕೇಳವ್ವ ಇವ್ಳನ್ನ. ಹಸು ಇಲ್ದೆ ಯಾವೋಳಾದ್ರೂ ಹಾಲು ಕರೀತಾಳಾ? ಡೇರಿಯೋರು ನೋಡಿದ್ರೆ ನೀರು ಬೆರೆಸ್ತಾಳೆ ಅಂತ ನನ್ ಹೆಸ್ರೇ ಕೆಡ್ತದೆ."

"ಅವ್ವ, ನೀ ಸುಮ್ಕಿರು."

"ನನ್ನ ಕೂರಿಸಿ ಕೆತ್ತೋವಾಗ ಸುಮ್ಕೇ ಇದ್ನಲ್ಲೇ. ಕಿವೀನಾದ್ರೂ ನೆಟ್ಟಗೆ ಮಾಡು ಅಂದೆ, ಕೇಳಲಿಲ್ಲ."

ಆ ತಾಯಿಯ ಎಡಗಿವಿಯ ಹಾಲೆ ಓಲೆಯ ಭಾರಕ್ಕೆ ಎಂದೋ ಸೀಳಿಹೋಗಿದೆ. ಶಿಲ್ಪದ ಕಿವಿಯೂ ಹಾಗೆಯೇ ಸೀಳಿತ್ತು. ಇಷ್ಟೆಲ್ಲ ಇದ್ದ ಆ ಮುಖದಲ್ಲಿ ಕಣ್ಣುಗಳಿರಲಿಲ್ಲ. ಹುಬ್ಬಿನ ಕೆಳಗೆ ನಯವಾದ, ಸ್ವಲ್ಪವೇ ಉಬ್ಬಿದ ಎರಡು ಜಾಗಗಳಿದ್ದವು. ನಾನು ಕೇಳುವ ಮೊದಲೇ ಕಲಾವಿದೆ ಹೇಳಿದಳು:

"ಕಣ್ಣು ಇಡಲ್ಲ ಕಣ್ರೀ. ಕಾರ್ಖಾನೇಲಿ ಕಣ್ಣು ತೆರೆಯೋದು ಎಲ್ಲಾದಕ್ಕಿಂತ ಕೊನೇಗೆ. ತೆರೆದ್ಮೇಲೆ ನಾವು ಕೈಕಟ್ಟಿ ಹಿಂದಕ್ಕೆ ಸರೀಬೇಕು, ಅದು ದೇವಸ್ಥಾನದ್ದು. ಇದು ದೇವಸ್ಥಾನಕ್ಕಲ್ಲ. ಕಣ್ಣಿಟ್ರೆ ಜನ ಕೈ ಮುಗೀತಾರೆ. ನಮ್ಮವ್ವಂಗೆ ಕೈ ಮುಗಿಯೋದು ಬ್ಯಾಡ, ಅವ್ಳು ಮಾಡೋ ಕೆಲ್ಸ ನೋಡ್ಲಿ ಸಾಕು."

ಆ ಕೃತಿಯ ಅರ್ಥವೆಲ್ಲ ಈ ಮಾತಿನಲ್ಲಿತ್ತು. ಸಮಿತಿಯ ಇಬ್ಬರಿಗೂ ನಾನು ಈ ಮಾತನ್ನು ಹಾಗೆಯೇ ತಲುಪಿಸಿದ್ದೇನೆ, ಒಬ್ಬೊಬ್ಬರಿಗೂ ಬೇರೆಬೇರೆಯಾಗಿ. ಓದುಗರು ಇದನ್ನು ನೆನಪಿನಲ್ಲಿಡಬೇಕು.

ಬಳಪದ ಕಲ್ಲು ಮೆದು. ಉಗುರು ಗೀರಿದರೂ ಗುರುತು ಬೀಳುತ್ತದೆ. ನಮ್ಮ ಮಂಡಿಯಿಂದ ತೆಂಗಿನ ನಾರನ್ನು ಚೀಲಗಟ್ಟಲೆ ತಂದು, ಮೊದಲು ಹತ್ತಿಬಟ್ಟೆ, ಅದರ ಮೇಲೆ ನಾರು, ಮತ್ತೆ ಗೋಣಿ ಸುತ್ತಿ, ಸರಕು ಆಟೋದಲ್ಲಿ ಹುಲ್ಲಿನ ಹಾಸಿನ ಮೇಲೆ ಕೂರಿಸಿದೆವು. ದಾರಿಯುದ್ದಕ್ಕೂ ಕಲಾವಿದೆ ಹಿಂದೆ ಕೂತು ಶಿಲ್ಪದ ಮುಂಗೈಗಳನ್ನು ಆತುಕೊಂಡಿದ್ದಳು. ಮುರಿಯುವುದಾದರೆ ಮೊದಲು ಮುರಿಯುವುದು ಬೆರಳುಗಳೇ. ಗೋದಾಮಿನಲ್ಲಿ ಪೀಠವನ್ನು ಮೊಣಕಾಲೆತ್ತರಕ್ಕೆ ಕಟ್ಟಿಸಿದೆ. ಅದಕ್ಕಿಂತ ಎತ್ತರಿಸಿದರೆ ನೋಡುವವರು ತಲೆಯೆತ್ತಬೇಕಾಗುತ್ತದೆ, ತಲೆಯೆತ್ತಿಸಿದರೆ ಅದು ವಿಗ್ರಹವಾಗುತ್ತದೆ. ಬೆಳಕನ್ನು ಎದುರಿಗೆ ಇಡದೆ ಎಡಬದಿಯಿಂದ ಓರೆಯಾಗಿ ಬಿಟ್ಟೆವು. ಆಗ ಚಪ್ಪಟೆ ಕೆನ್ನೆ ಬೆಳಗಿ, ಕಣ್ಣಿನ ಜಾಗದಲ್ಲಿ ತೆಳುವಾದ ನೆರಳು ನಿಂತಿತು. ನಾಲ್ಕೂ ಬದಿಯಿಂದ ಫೋಟೋ ತೆಗೆದಿಟ್ಟೆ. ಎಣ್ಣೆ ತಾಗಿದರೆ ಈ ಕಲ್ಲು ಕಪ್ಪಾಗಿ ಹೊಳೆಯತೊಡಗುತ್ತದೆ, ಮತ್ತೆ ಅದರ ಬೂದುಬಣ್ಣ ಹಿಂದಿರುಗುವುದಿಲ್ಲ. ಆದ್ದರಿಂದ ಯಾರೂ ಮುಟ್ಟಬಾರದೆಂದು ಸುತ್ತ ಹಗ್ಗ ಕಟ್ಟಿಸಿದೆ.

ಆ ಸಂಜೆ ಕಾರ್ಯದರ್ಶಿಗಳು ಹಗ್ಗದ ಆಚೆ ನಿಂತು ಬಗ್ಗಿ ನೋಡಿದರು. "ಮೇಡಂ, ಎಲ್ಲಾ ಚೆನ್ನಾಗಿದೆ. ಕಣ್ಣೇ ಮರೆತುಬಿಟ್ಟಿದಾರಲ್ಲ?"

ಮರೆತಿಲ್ಲವೆಂದು, ಯಾಕೆಂದು, ಕಲಾವಿದೆಯ ಮಾತಿನಲ್ಲೇ ಹೇಳಿದೆ. ಅಧ್ಯಕ್ಷರು ಬಂದಾಗ ಅವರಿಗೂ ಹೇಳಿದೆ. "ಅರ್ಥ ಆಯ್ತು ಬಿಡಮ್ಮ, ನಿಮ್ಮ ಕಾಲೇಜಿನ ಲೆಕ್ಕಾಚಾರ," ಎಂದು ಅವರು ತಲೆಯಾಡಿಸಿದರು. ಛಾಯಾಚಿತ್ರಗಳಿಗೆ ಕಟ್ಟು ಹಾಕಿಸಿ ತರಲು ನಾನು ಅರಸೀಕೆರೆಗೆ ಹೊರಟೆ. ಗೋದಾಮಿನ ಬೀಗದ ಕೈ ಸಮಿತಿಯ ಬಳಿ ಇತ್ತು.

ಉದ್ಘಾಟನೆಯ ಬೆಳಿಗ್ಗೆ ಜಾವಗಲ್ ಮೇಲೆ ಬರುವ ಬಸ್ಸಿನಲ್ಲಿ ಫ್ರೇಮುಗಳನ್ನು ಮಡಿಲಲ್ಲಿಟ್ಟುಕೊಂಡು ಬಂದಿಳಿದೆ. ಗೋದಾಮಿನ ಬಾಗಿಲಲ್ಲೇ ಊದುಬತ್ತಿಯ ವಾಸನೆ ಹೊಡೆಯಿತು. ಹಗ್ಗ ಬಿಚ್ಚಿ ಮೂಲೆಗೆ ಎಸೆದಿದ್ದರು. ಬೂದುಬಣ್ಣದ ಕಲ್ಲು ಕಪ್ಪಗೆ ಮಿರಮಿರನೆ ಮಿಂಚುತ್ತಿತ್ತು. ಹಣೆಗೆ ಕುಂಕುಮ, ಕೊರಳಿಗೆ ಸೇವಂತಿಗೆ ಹಾರ. ಆ ನಯವಾದ ಜಾಗದಲ್ಲಿ ದೊಡ್ಡದಾದ, ಬಾದಾಮಿಯಾಕಾರದ, ಎಲ್ಲ ವಿಗ್ರಹಗಳಿಗೂ ಇರುವಂಥ ಎರಡು ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. ಕೆಳಗೆ ಪಾತ್ರೆಯೊಳಗೆ, ಹಾಲು ಬೀಳಬೇಕಾದ ಜಾಗದಲ್ಲಿ, ಕಲ್ಲಿನ ಪುಡಿಯ ಮೇಲೆ ಅಕ್ಷತೆ ಬಿದ್ದಿತ್ತು.

"ಈಗ ನೋಡಿ ಮೇಡಂ, ಎಂಥಾ ಕಳೆ ಬಂತು!" ಎಂದರು ಕಾರ್ಯದರ್ಶಿಗಳು. ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು.

"ಯಾರು ಕೆತ್ತಿದ್ದು ಇದನ್ನ?"

"ಅರೆಬರೆ ಇಟ್ರೆ ಮುಖ್ಯ ಅತಿಥಿಗಳು ಏನಂದ್ಕೋತಾರೆ? ಅಧ್ಯಕ್ಷರೇ ಹೇಳಿ ಮಾಡ್ಸಿದ್ರು. ನಿಮಗೆ ಹೇಳಿದ್ರೆ ಸುಮ್ನೆ ಟೆನ್ಷನ್ ಅಂತ..."

ಕಣ್ಣು ಕೆತ್ತಿದವರನ್ನು ಹುಡುಕಿಕೊಂಡು ಹೋದೆ. ಗುಡಿಯ ಹತ್ತಿರ ಸಣ್ಣ ಸಣ್ಣ ಕಲ್ಲಿನ ಆನೆ, ನಂದಿ ಮಾಡಿ ಮಾರುವವರು ಅವರು. ನನ್ನ ಮುಖ ನೋಡಿಯೇ ಎದ್ದು ನಿಂತರು. "ನಿಮ್ ಕಡೆಯಿಂದ ಒಪ್ಗೆ ಆಗೈತೆ, ಕೆತ್ತಿದೋರಿಗೆ ಬರಾಕಾಗಲ್ಲ, ನೀನೇ ಕಣ್ಣು ತೆರೆದ್ಬಿಡು ಅಂದ್ರು ಮೇಡಂ. ಎರಡು ಸಲ ಕೇಳ್ದೆ. ಕೆತ್ತಿದೋರ ಒಪ್ಗೆ ಇಲ್ದೆ ನಾವ್ಯಾರೂ ಕಣ್ಣಿಗೆ ಉಳಿ ಇಡಲ್ಲ." ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಕೇಳಬೇಕಾದ ಪ್ರಶ್ನೆಯನ್ನು ಅವರು ಕೇಳಿದ್ದಾರೆ. ಸುಳ್ಳು ಉತ್ತರ ಕೊಟ್ಟದ್ದು ಸಮಿತಿ.

ಕಲಾವಿದೆಗೆ ಫೋನ್ ಮಾಡಿದೆ. ಆಕೆ ತಾಯಿಯನ್ನು ಕರೆದುಕೊಂಡು ಹೇಗೂ ಉದ್ಘಾಟನೆಗೆ ಹೊರಟಿದ್ದಳು. ತಾಯಿ ತನ್ನನ್ನು ತಾನು ನೋಡಲೆಂದು ಹೊಸ ಸೀರೆ ಉಟ್ಟಿದ್ದರು. ಒಳಗೆ ಬಂದವರು ಶಿಲ್ಪದ ಮುಂದೆ ನಿಂತು ಕಣ್ಣು ಕಿರಿದು ಮಾಡಿದರು. ಆಮೇಲೆ ಸೆರಗಿನ ತುದಿ ಹಿಡಿದು, ಮಗುವಿನ ಮುಖ ಒರೆಸುವ ಹಾಗೆ, ಹಣೆಯ ಕುಂಕುಮ ಒರೆಸಲು ಕೈ ಚಾಚಿದರು.

"ಅಜ್ಜೀ, ಮುಟ್ಬೇಡಿ!" ಕಾರ್ಯದರ್ಶಿಗಳು ಓಡಿಬಂದರು. "ಪೂಜೆ ಆಗಿದೆ."

"ಯಾರ್ಗಪ್ಪ ಪೂಜೆ?"

"ದೇವಿಗೆ."

"ಯಾವ ದೇವಿಗೆ? ಇದು ನಾನು ಕಣಪ್ಪ!" ಅವರು ಸೆರಗು ಸರಿಸಿ ತಮ್ಮ ಸೀಳುಗಿವಿಯನ್ನು ಶಿಲ್ಪದ ಸೀಳುಗಿವಿಯ ಪಕ್ಕಕ್ಕೆ ಹಿಡಿದರು. "ನೋಡು. ಯಾವ ದೇವಿಗಾದ್ರೂ ಹಿಂಗೆ ಹರಿದೋಗಿರೋ ಕಿವಿ ಐತಾ?"

ಕಾರ್ಯದರ್ಶಿಗಳು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ನೋಡಿದರು. "ಅದನ್ನೂ ಸರಿ ಮಾಡಿಸ್ತೀವಿ ಬಿಡಿ ಅಜ್ಜಿ."

"ಯಾವ್ದನ್ನ? ನನ್ನ ಕಿವೀನಾ?"

ಅಲ್ಲಿದ್ದವರು ನಕ್ಕರು. ನಾನೂ ನಕ್ಕೆನೇನೋ. ಕಲಾವಿದೆ ನಗಲಿಲ್ಲ. ಆಕೆ ಮುಂದೆ ಬಂದು, ಯಾರು ಬೇಡವೆಂದರೂ ಕೇಳದೆ, ಹೆಬ್ಬೆರಳನ್ನು ಹೊಸ ಕಣ್ಣಿನ ಕುಳಿಗೆ ಇಟ್ಟು ಆಳ ನೋಡಿದಳು.

"ತುಂಬಾ ಒಳಕ್ಕೋಗೈತೆ," ಎಂದಳು ನನಗೆ ಮಾತ್ರ ಕೇಳುವಂತೆ. "ಇದನ್ನ ಅಳಿಸ್ಬೇಕು ಅಂದ್ರೆ ಇಡೀ ಮುಖಾನೇ ಇಷ್ಟು ಹಿಂದಕ್ಕೆ ತಳ್ಳಬೇಕು. ಕೆನ್ನೆ ಹೋಗ್ತದೆ ಕಣ್ರೀ. ಕೆನ್ನೆ ಹೋದ್ರೆ ಹಸು ಹೋದಂಗೇ."

ಕಲ್ಲಿನಲ್ಲಿ ಕೂಡಿಸುವುದಿಲ್ಲ, ಕಳೆಯುವುದು ಮಾತ್ರ. ಸಮಿತಿ "ಎರಡು ಕಣ್ಣು ತಾನೇ" ಎಂದು ಈಗಲೂ ಹೇಳುತ್ತಿದೆ. ಆ ಎರಡು ಕಣ್ಣಿಗೆ ತೆತ್ತದ್ದು ಏನೆಂದು ಅವರಿಗೆ ಇನ್ನೊಮ್ಮೆ ತಿಳಿಸುತ್ತಿದ್ದೇನೆ: ಆ ಕೃತಿಯಲ್ಲಿ ಕಾಣದೆಯೇ ಇದ್ದ ಹಸುವನ್ನು ಅವರು ಕೊಂದಿದ್ದಾರೆ.

"ನನ್ ಹೆಸ್ರು ತೆಗೀರಿ," ಎಂದಳು ಕಲಾವಿದೆ. "ಇದು ನಂದಲ್ಲ."

ಮುಖ್ಯ ಅತಿಥಿಗಳು ಬೇಲೂರು ಬಿಟ್ಟರೆಂದು ಸುದ್ದಿ ಬಂದಿತ್ತು. ಶಿಲ್ಪವನ್ನು ಆ ಗಳಿಗೆಯಲ್ಲಿ ಕದಲಿಸಲು ಸಮಿತಿ ಬಿಡುವುದಿಲ್ಲ. ಅವಸರದಲ್ಲಿ ಎತ್ತಿದರೆ ಬೆರಳು ಮುರಿಯುತ್ತದೆ. ಆಕೆ ಕೇಳಿದಂತೆ ಹೆಸರಿನ ಫಲಕವನ್ನು ಕಿತ್ತೆ. ಕಿತ್ತು ಕೈಯಲ್ಲಿ ಹಿಡಿದಾಗ, ಹೆಸರು ತೆಗೆದರೆ ಸಮಿತಿಯ ಕೆಲಸವನ್ನು ನಾನೇ ಪೂರ್ತಿ ಮಾಡಿಕೊಟ್ಟಂತಾಗುತ್ತದೆ ಎನ್ನಿಸಿತು. ಯಾರು ಮಾಡಿದ್ದೆಂದು ತಿಳಿಯದ ಒಂದು ದೇವಿ ಅಲ್ಲಿ ಉಳಿಯುತ್ತಾಳೆ. ಇದೇ ಊರಿನ, ಪಕ್ಕದ ಬೇಲೂರಿನ ಗುಡಿಯ ಗೋಡೆಗಳಲ್ಲಿ ಕೆತ್ತಿದವರು ತಮ್ಮ ಹೆಸರನ್ನೂ ಕೆತ್ತಿಟ್ಟಿದ್ದಾರೆ. ಗೈಡುಗಳು ದಿನವೂ ಅದರತ್ತ ಬೆರಳು ಮಾಡಿ ತೋರಿಸುತ್ತಾರೆ. ಅಷ್ಟು ಹಿಂದಿನವರಿಗೆ ಸಿಕ್ಕ ಹಕ್ಕು ಇಂದಿನ ಮಾದಿಹಳ್ಳಿಯ ಹೆಂಗಸಿಗೆ ಯಾಕಿಲ್ಲ?

ನಾನು ಆಕೆಗೆ ಹೀಗೆಂದೆ: "ಹೆಸರು ಇರಲಿ. ಕಣ್ಣು ನಿಮ್ಮದಲ್ಲ ಅಂತಲೂ ಇರಲಿ. ಎರಡನ್ನೂ ಬರೆದು ಅಂಟಿಸ್ತೀನಿ."

ಆಕೆ ನನ್ನ ಕೈಯಿಂದ ಹಳೆಯ ಫಲಕ ತೆಗೆದುಕೊಂಡು ನೋಡಿದಳು. "ದೊಡ್ಡಕ್ಷರದಾಗೆ ಬರೀರಿ. ನಮ್ಮೂರೋರು ಓದೋ ಹಂಗೆ."

ಬಿಳಿಯ ರಟ್ಟಿನ ಮೇಲೆ ಕೈಬರಹದಲ್ಲೇ ಬರೆದೆ: ಈ ಶಿಲ್ಪವನ್ನು ಕೆತ್ತಿದವರು ಇಂಥವರು. ಇದರ ಕಣ್ಣುಗಳು ಅವರವಲ್ಲ. ಅವರ ಅನುಮತಿಯಿಲ್ಲದೆ, ಪ್ರದರ್ಶನ ಸಮಿತಿಯ ಸೂಚನೆಯಂತೆ ಅವನ್ನು ಕೆತ್ತಲಾಗಿದೆ. ಎಣ್ಣೆಯನ್ನೂ ಸಮಿತಿಯೇ ಹಚ್ಚಿಸಿದೆ. ಶಿಲ್ಪದಲ್ಲಿರುವವರು ಒಬ್ಬ ರೈತ ಮಹಿಳೆ, ಹಾಲು ಕರೆಯುತ್ತಿದ್ದಾರೆ.

ಮುಖ್ಯ ಅತಿಥಿಗಳು ಬಂದರು. ಫಲಕದ ಪಕ್ಕದಲ್ಲೇ ನಿಂತು, ಅದನ್ನು ಓದದೆ, ಶಿಲ್ಪಕ್ಕೆ ಕೈ ಮುಗಿದು, ಮಂಗಳಾರತಿ ತಟ್ಟೆ ಎಲ್ಲಿದೆ ಎಂಬಂತೆ ಸುತ್ತ ನೋಡಿದರು. ಅವರ ಹಿಂದೆ ಬಂದ ಜನ ಓದಿದರು. ಕೆಲವರು ಆಮೇಲೂ ಕೈ ಮುಗಿದರು. ಅವರ ಭಕ್ತಿಯೊಡನೆ ನನ್ನ ಜಗಳವಿಲ್ಲ, ನಮ್ಮ ಮನೆಯಲ್ಲೂ ಪೂಜೆಯಾಗದೆ ಒಲೆ ಹೊತ್ತುವುದಿಲ್ಲ. ಇನ್ನು ಕೆಲವರು ಫಲಕದ ಮುಂದೆಯೇ ಜಗಳಕ್ಕೆ ನಿಂತರು. "ಕಣ್ಣಿಲ್ದಿದ್ರೆ ಕುರುಡಿ ಅನ್ನಲ್ವೇನ್ಲಾ?" ಎಂದ ಒಬ್ಬ. "ನಿನ್ ಫೋಟೋಕ್ಕೆ ನಾನು ಮೀಸೆ ಬರೆದ್ರೆ ಸುಮ್ಕಿರ್ತೀಯೇನ್ಲಾ?" ಎಂದ ಇನ್ನೊಬ್ಬ. ಆ ಗೋದಾಮಿನಲ್ಲಿ ಕಲೆಯ ಬಗ್ಗೆ ನಾನು ಕೇಳಿದ ಅತ್ಯುತ್ತಮ ಚರ್ಚೆ ಅದೇ. ರಾತ್ರಿ ಬಾಗಿಲು ಮುಚ್ಚಿದ ಮೇಲೆ ಫಲಕ ಮಾಯವಾಗುತ್ತಿತ್ತು. ಬೆಳಿಗ್ಗೆ ಬಂದು ನಾನು ಮತ್ತೆ ಬರೆಯುತ್ತಿದ್ದೆ. ಪ್ರದರ್ಶನ ಮುಗಿಯುವವರೆಗೂ ಹೀಗೆಯೇ ನಡೆಯಿತು.

ಕೃತಿಗಳನ್ನು ಹಿಂದಿರುಗಿಸುವ ದಿನ ಛಾಯಾಚಿತ್ರಗಳು ಹೋದವು, ರೇಖಾಚಿತ್ರಗಳು ಹೋದವು. ಶಿಲ್ಪಕ್ಕಾಗಿ ನಾನೂ ಕಲಾವಿದೆಯೂ ಸರಕು ಆಟೋ ತರುವಷ್ಟರಲ್ಲಿ ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು.

ಅಧ್ಯಕ್ಷರು ಫೋನಿನಲ್ಲಿ ಮೃದುವಾಗಿಯೇ ಮಾತಾಡಿದರು. "ಪ್ರತಿಷ್ಠೆ ಆಗಿರೋ ವಿಗ್ರಹ ಕಣಮ್ಮ. ಕದಲಿಸೋ ಹಂಗಿಲ್ಲ. ಜನರ ಭಾವನೆ ಅನ್ನೋದೊಂದು ಐತಲ್ಲ. ಆ ಹೆಣ್ಮಗಳಿಗೆ ಇನ್ನೊಂದು ಕೆತ್ಕೊಳ್ಳೋಕೆ ಹೇಳು, ಕಲ್ಲು ಕೊಡಿಸ್ತೀವಿ."

ಪೂಜೆ ಮಾಡಿದ್ದ ಅರ್ಚಕರ ಮನೆಗೆ ಹೋದೆವು. ವಯಸ್ಸಾದವರು. ಜಗುಲಿಯಲ್ಲಿ ಕೂರಿಸಿ, ನೀರು ಕೊಟ್ಟು, ಎಲ್ಲವನ್ನೂ ಕೇಳಿಸಿಕೊಂಡರು. "ಪ್ರತಿಷ್ಠೆಯಾ? ನಾನು ಯಾವ ಪ್ರತಿಷ್ಠೆಯನ್ನೂ ಮಾಡಿಲ್ಲಮ್ಮ. ಸಮಾರಂಭ ಇದೆ, ಒಂದು ಕುಂಕುಮಾರ್ಚನೆ ಮಾಡಿ ಅಂದರು. ಮಾಡಿದೆ. ಹೊಸ ಬೈಕಿಗೂ ಮಾಡ್ತೀನಿ. ಬೈಕು ಮನೆಗೆ ಹೋಗಲ್ವಾ?" ಆಮೇಲೆ ಕಲಾವಿದೆಯ ಕಡೆ ತಿರುಗಿ, "ನಿನ್ನ ತಾಯಿ ಅಂತ ಗೊತ್ತಿದ್ದಿದ್ರೆ ನಿನ್ನನ್ನ ಒಂದು ಮಾತು ಕೇಳ್ತಿದ್ದೆ ಮಗಳೇ," ಎಂದರು. ಇಡೀ ಪ್ರಕರಣದಲ್ಲಿ ಆಕೆಗೆ ಸಿಕ್ಕ ಏಕೈಕ ಕ್ಷಮಾಪಣೆ ಅದು, ಅದೂ ಕೇಳಬೇಕಿಲ್ಲದವರಿಂದ.

ಅವರ ಮಾತನ್ನು ಅಧ್ಯಕ್ಷರಿಗೆ ತಿಳಿಸಿದೆ. "ಹಂಗಂದ್ರಾ? ಮೀಟಿಂಗಲ್ಲಿ ಇಡೋಣ ಬಿಡು," ಎಂದರು. ಆ ಮೀಟಿಂಗು ಇಂದಿಗೂ ನಡೆದಿಲ್ಲ. ಕಾರ್ಯದರ್ಶಿಗಳು ಈಗ ನನ್ನ ಫೋನ್ ಎತ್ತುವುದಿಲ್ಲ. ಮೊನ್ನೆ ಮಾದಿಹಳ್ಳಿಗೆ ಹೋದಾಗ ತಾಯಿ ಹಾಲು ಕರೆಯುತ್ತಿದ್ದರು. ಹಸುವಿನ ಪಕ್ಕೆಗೆ ಕೆನ್ನೆ ಒರಗಿಸಿಕೊಂಡೇ ಕೇಳಿದರು: "ನನ್ನ ಯಾವಾಗವ್ವ ಮನೇಗೆ ಕರ್ಕೊಂಡು ಬರೋದು?" ಶೀಟಿನ ಮಾಡಿನ ಕೆಳಗೆ ಆ ಜಾಗ ಇನ್ನೂ ಖಾಲಿ ಇದೆ. ಆ ಮುಖವನ್ನು ಏನು ಮಾಡಬೇಕೆಂದು ಕಲಾವಿದೆ ಇನ್ನೂ ತೀರ್ಮಾನಿಸಿಲ್ಲ. ತೀರ್ಮಾನಿಸಲು ಕಲ್ಲು ಕಣ್ಣೆದುರಿಗೆ ಇರಬೇಕು ಎನ್ನುತ್ತಾಳೆ.

ಮಾನ್ಯ ಅಧ್ಯಕ್ಷರೇ, ಕಾರ್ಯದರ್ಶಿಗಳೇ, ಯಾರ ಅನುಮತಿಯಿಂದ ಈ ಶಿಲ್ಪದ ಮುಖಕ್ಕೆ ಉಳಿ ಇಡಿಸಿದಿರಿ, ಅನುಮತಿ ಸಿಕ್ಕಿದೆಯೆಂದು ಕಣ್ಣು ಕೆತ್ತಿದವರಿಗೆ ಸುಳ್ಳು ಹೇಳಿದವರು ನಿಮ್ಮಲ್ಲಿ ಯಾರು, ನಡೆಯದ ಪ್ರತಿಷ್ಠೆಯನ್ನು ನಡೆಯಿತೆಂದು ಯಾವ ಆಧಾರದ ಮೇಲೆ ಹೇಳುತ್ತಿದ್ದೀರಿ ಎಂಬುದಕ್ಕೆ ಲಿಖಿತ ಉತ್ತರ ಕೊಡಬೇಕೆಂದು, ಆ ಉತ್ತರವನ್ನು ನನಗಲ್ಲ, ಕಲಾವಿದೆಯ ಹೆಸರಿಗೆ ಬರೆಯಬೇಕೆಂದು ಕೋರುತ್ತೇನೆ. ಉತ್ತರ ಬರೆಯಲು ನಿಮಗೆ ಸಮಯ ಬೇಕಾಗಬಹುದು. ಬೀಗ ತೆಗೆಯಲು ಬೇಕಾಗುವುದಿಲ್ಲ. ಶಿಲ್ಪವನ್ನು, ಈಗ ಅದಿರುವ ಸ್ಥಿತಿಯಲ್ಲೇ, ಇನ್ನೊಂದು ಕೈ ತಾಗದಂತೆ, ಕೂಡಲೇ ಆಕೆಗೆ ಒಪ್ಪಿಸಬೇಕೆಂದು ಆಗ್ರಹಿಸುತ್ತೇನೆ. ಹತ್ತಿಬಟ್ಟೆ, ನಾರು, ಗೋಣಿ, ಹುಲ್ಲು ಎಲ್ಲವೂ ನಮ್ಮ ಮಂಡಿಯಲ್ಲಿ ಕಟ್ಟಿಟ್ಟದ್ದು ಹಾಗೆಯೇ ಇದೆ. ನೀವು ಬಾಗಿಲು ತೆರೆಯುತ್ತೇವೆಂದ ದಿನ ತೆಗೆದುಕೊಂಡು ಬರುತ್ತೇನೆ. ಬೆರಳುಗಳನ್ನು ಆತುಕೊಳ್ಳಲು ಆಕೆ ಬರುತ್ತಾಳೆ.